ಯಾರ ದೇಹ, ಯಾರ ಒಪ್ಪಿಗೆ: ಬೈಲಹೊಂಗಲ ಸೀಮೆಯಲ್ಲಿ ಅಂಗರಚನೆಯ ಪಾಠ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರೆಲ್ಲ ಹೆಚ್ಚಾಗಿ ಚಾಕು ಹಿಡಿದವರ ಕಡೆ ನಿಂತೇ ಬರೆದಿದ್ದಾರೆ. ಹೃದಯದ ಕೋಣೆಗಳನ್ನು ಯಾರು ಎಣಿಸಿದರು, ರಕ್ತದ ದಾರಿಯನ್ನು ಯಾರು ಹುಡುಕಿದರು, ಯಾವ ಕಾಲೇಜು ಯಾವ ಇಸವಿಯಲ್ಲಿ ಬಾಗಿಲು ತೆರೆಯಿತು ಎಂಬ ಲೆಕ್ಕವೆಲ್ಲ ನಮಗೆ ಸಿಗುತ್ತದೆ. ಮೇಜಿನ ಮೇಲೆ ಮಲಗಿದ್ದವರು ಯಾರು, ಅವರನ್ನು ಅಲ್ಲಿಗೆ ತಂದವರು ಯಾರು, ಹಾಗೆ ತರುವುದಕ್ಕೆ ಅವರ ಒಪ್ಪಿಗೆ ಇತ್ತೇ ಎಂಬುದು ಮಾತ್ರ ಆ ಲೆಕ್ಕದೊಳಗೆ ಬರುವುದಿಲ್ಲ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. 2008ರ ನವೆಂಬರಿನಲ್ಲಿ ಬೈಲಹೊಂಗಲದ ಹಿರಿಯ ವೈದ್ಯ ಡಾ. ಬಿ. ಎಸ್. ರಾಮಣ್ಣವರ ತೀರಿಕೊಂಡರು. ತಮ್ಮ ದೇಹ ವೈದ್ಯ ವಿದ್ಯಾರ್ಥಿಗಳ ಪಾಠಕ್ಕೆ ಸಲ್ಲಬೇಕು, ಅದನ್ನು ಮಗನೇ ಛೇದಿಸಿ ತೋರಿಸಬೇಕು ಎಂದು ಅವರು ಬದುಕಿದ್ದಾಗಲೇ ಹೇಳಿಟ್ಟಿದ್ದರು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಬಿ. ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶರೀರ ರಚನಾ ವಿಭಾಗದ ಅಧ್ಯಾಪಕರು. ಎರಡು ವರ್ಷ ಕೆಡದಂತೆ ಕಾಪಿಟ್ಟಿದ್ದ ತಂದೆಯ ದೇಹವನ್ನು ಅವರು 2010ರ ನವೆಂಬರಿನಲ್ಲಿ ವಿದ್ಯಾರ್ಥಿಗಳ ಎದುರಿಗೆ ಛೇದಿಸಿದರು. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಬಹಳ ಜನ ಅದನ್ನು ಮಗನ ಎದೆಗಾರಿಕೆಯ ಕಥೆಯಾಗಿ ಓದಿದರು. ಎದೆಗಾರಿಕೆ ಇದ್ದದ್ದು ನಿಜ. ಆದರೆ ಚರಿತ್ರೆಯ ಕಣ್ಣಿಗೆ ಇಲ್ಲಿ ಮುಖ್ಯರಾಗುವವರು ತಂದೆ. ಅಂಗರಚನೆಯ ಪಾಠ ಈ ನಾಡಿನಲ್ಲಿ ಶಾಸ್ತ್ರದ ಕೊರತೆಯಿಂದಾಗಲಿ, ಧರ್ಮದ ಅಡ್ಡಿಯಿಂದಾಗಲಿ ನಿಂತಿದ್ದಕ್ಕಿಂತ ಹೆಚ್ಚಾಗಿ ಒಪ್ಪಿಗೆ ಎಂಬ ಒಂದು ಸಂಗತಿ ಇಲ್ಲದೆ ಕುಂಟುತ್ತಿತ್ತು. ಬೈಲಹೊಂಗಲದ ಆ ವೈದ್ಯರು ಕೊಟ್ಟದ್ದು ಅದನ್ನೇ ಎಂಬುದು ಈ ಲೇಖನದ ವಾದ.

ಈ ಸೀಮೆಯ ಜನಕ್ಕೆ ದೇಹ ಕಡಿಯುವ ಕಥೆ ಹೊಸದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಭಕ್ತರು ಬರುತ್ತಾರೆ. ಅವರಿಗೆಲ್ಲ ಗೊತ್ತಿರುವ ಪುರಾಣದಲ್ಲಿ ಜಮದಗ್ನಿ ಸಿಟ್ಟಿಗೆದ್ದು ಹೆಂಡತಿ ರೇಣುಕೆಗೆ ಶಾಪ ಕೊಡುತ್ತಾನೆ, ಅವಳ ಮೈಗೆ ರೋಗ ಹತ್ತುತ್ತದೆ. ಏಕಯ್ಯ, ಜೋಗಯ್ಯ ಎಂಬ ಸಂತರ ಮಾತಿನಂತೆ ಜೋಗುಳಬಾವಿಯಲ್ಲಿ ಮಿಂದು ಅವಳು ಗುಣವಾಗುತ್ತಾಳೆ. ಚರ್ಮದ ಬ್ಯಾನಿ ಇದ್ದವರು ಇಂದಿಗೂ ಅಲ್ಲಿ ಸ್ನಾನ ಮಾಡುವುದು ಆ ನಂಬಿಕೆಯಿಂದಲೇ. ಗುಣವಾಗಿ ಮರಳಿದ ಮೇಲೂ ಜಮದಗ್ನಿಯ ಸಿಟ್ಟು ಇಳಿಯುವುದಿಲ್ಲ. ತಾಯಿಯ ತಲೆ ಕಡಿ ಎಂದು ಮಕ್ಕಳಿಗೆ ಅಪ್ಪಣೆ ಮಾಡುತ್ತಾನೆ. ಉಳಿದವರು ಹಿಂಜರಿದಾಗ ಪರಶುರಾಮ ಕೊಡಲಿ ಎತ್ತುತ್ತಾನೆ, ಆಮೇಲೆ ವರ ಕೇಳಿ ತಾಯಿಯನ್ನು ಬದುಕಿಸಿಕೊಳ್ಳುತ್ತಾನೆ. ಸವದತ್ತಿ ತಾಲ್ಲೂಕಿಗಿದ್ದ ಹಳೆಯ ಹೆಸರು ಪರಸಗಡ. ಆ ಹೆಸರಿನಲ್ಲೂ ಜನ ಪರಶುರಾಮನನ್ನು ಕಾಣುತ್ತಾರೆ. ಈ ಕಥೆಯಲ್ಲಿ ರೋಗವಿದೆ, ಚಿಕಿತ್ಸೆಯಿದೆ, ರುಂಡ ಮುಂಡಗಳನ್ನು ಕೂಡಿಸುವ ಕಲ್ಪನೆಯೂ ಇದೆ. ಅಪ್ಪಣೆ ಕೊಡುವವನು ಗಂಡ, ನಡೆಸುವವನು ಮಗ. ಯಾರ ದೇಹ ತುಂಡಾಗಬೇಕೋ ಅವಳನ್ನು ಒಂದು ಮಾತು ಕೇಳುವವರು ಮಾತ್ರ ಯಾರೂ ಇಲ್ಲ. ಪುರಾಣವನ್ನು ಪುರಾಣವಾಗಿಯೇ ಓದಬೇಕು, ಅದನ್ನು ವೈದ್ಯಕೀಯ ದಾಖಲೆ ಮಾಡಬಾರದು. ಆದರೂ ಬೆಳಗಾವಿಯಲ್ಲಿ 2010ರಲ್ಲಿ ನಡೆದದ್ದನ್ನು ಇದರ ಬದಿಗಿಟ್ಟು ನೋಡಿದರೆ ವ್ಯತ್ಯಾಸ ಥಟ್ಟನೆ ಕಾಣುತ್ತದೆ. ಅಲ್ಲಿಯೂ ತಂದೆಯೇ ಅಪ್ಪಣೆ ಕೊಟ್ಟದ್ದು, ಮಗನೇ ನಡೆಸಿದ್ದು. ಆ ತಂದೆ ಮಗನ ಕೈಗೆ ಒಪ್ಪಿಸಿದ್ದು ಮಾತ್ರ ಬೇರೆ ಯಾರ ದೇಹವನ್ನೂ ಅಲ್ಲ, ತನ್ನದನ್ನೇ.

ಶಾಸ್ತ್ರದ ಕಡೆಗೆ ಬರೋಣ. ಹಿಂದೂಸ್ಥಾನದಲ್ಲಿ ಹೆಣ ಮುಟ್ಟುವುದು ಮೈಲಿಗೆ, ಆದ್ದರಿಂದ ನಮ್ಮವರಿಗೆ ದೇಹದ ಒಳಗು ಗೊತ್ತೇ ಇರಲಿಲ್ಲ ಎಂದು ವಸಾಹತು ಕಾಲದ ಬರಹಗಾರರು ಬರೆದರು. ಅದು ಪೂರ್ತಿ ನಿಜವಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಹೆಣವನ್ನು ಪರೀಕ್ಷಿಸುವ ಕ್ರಮ ವಿವರವಾಗಿದೆ. ಅಂಗಾಂಗ ಪೂರ್ತಿಯಾಗಿರುವ, ವಿಷದಿಂದ ಸಾಯದ, ದೀರ್ಘಕಾಲ ರೋಗದಿಂದ ನರಳದ, ನೂರು ವರ್ಷ ದಾಟದ ಮನುಷ್ಯನ ದೇಹವನ್ನು ಆರಿಸಬೇಕು. ಕರುಳಿನ ಮಲ ತೆಗೆದು, ಮುಂಜ, ದರ್ಭೆ, ನಾರುಗಳಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಜನರ ಕಣ್ಣಿಗೆ ಬೀಳದ ಜಾಗದಲ್ಲಿ ಕೊಳೆಯಲು ಬಿಡಬೇಕು. ಏಳು ರಾತ್ರಿಯ ನಂತರ ತೆಗೆದು, ಲಾವಂಚ, ಕೂದಲು, ಬಿದಿರು ಇಂಥವುಗಳ ಕುಂಚದಿಂದ ಮೆಲ್ಲಮೆಲ್ಲಗೆ ಉಜ್ಜುತ್ತ ಚರ್ಮದಿಂದ ಹಿಡಿದು ಒಳಗಿನ ಒಂದೊಂದು ಅಂಗವನ್ನೂ ಕಣ್ಣಾರೆ ನೋಡಬೇಕು. ಶಾಸ್ತ್ರ ಓದಿದ್ದು ಮತ್ತು ಕಣ್ಣಾರೆ ಕಂಡದ್ದು ಎರಡೂ ಕೂಡಿದಾಗ ಜ್ಞಾನ ಬೆಳೆಯುತ್ತದೆ ಎಂದು ಅದೇ ಅಧ್ಯಾಯ ಹೇಳುತ್ತದೆ. ಚಾಕುವಿನ ಬದಲು ನೀರು ಮತ್ತು ಕುಂಚ ಕೆಲಸ ಮಾಡುವ ಈ ವಿಧಾನದಲ್ಲಿ ಮೃದು ಅಂಗಗಳು ಬೇಗ ಕರಗುತ್ತವೆ, ಮೂಳೆ ಕೀಲುಗಳು ಚೆನ್ನಾಗಿ ಕಾಣುತ್ತವೆ. ಹೆಣ ಹೇಗಿರಬೇಕು ಎಂದು ಇಷ್ಟು ಕಟ್ಟುನಿಟ್ಟಾಗಿ ಹೇಳುವ ಗ್ರಂಥ ಆ ಹೆಣ ಯಾರದು, ಯಾರನ್ನು ಕೇಳಿ ತರಬೇಕು ಎಂಬುದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಕೆಲಸ ಮರೆಯಲ್ಲಿ ನಡೆಯಬೇಕು ಎಂಬ ಸೂಚನೆಯಲ್ಲೇ ಅದರ ಇಕ್ಕಟ್ಟು ಅಡಗಿದೆ. ಕೇಳಿ ತಂದದ್ದನ್ನು ಮುಚ್ಚಿಡುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಮೂಳೆಗಳ ಲೆಕ್ಕವನ್ನೇ ನೋಡಿ. ಚರಕ ಸಂಹಿತೆ 360 ಎನ್ನುತ್ತದೆ, ಸುಶ್ರುತ 300 ಎನ್ನುತ್ತದೆ, ಇಂದಿನ ಪಠ್ಯಗಳು ವಯಸ್ಕರಲ್ಲಿ 206 ಎನ್ನುತ್ತವೆ. ಹಿಂದಿನವರಿಗೆ ಎಣಿಸಲು ಬರುತ್ತಿರಲಿಲ್ಲ ಎಂದು ನಗುವುದು ಸುಲಭ. ಆದರೆ ಹಲ್ಲು, ಉಗುರು, ಮೃದ್ವಸ್ಥಿಗಳನ್ನು ಕೂಡಿಸುವುದೋ ಬಿಡುವುದೋ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. 1907ರಲ್ಲಿ ಪ್ರಾಚೀನ ಭಾರತದ ಅಸ್ಥಿವಿಜ್ಞಾನದ ಬಗ್ಗೆ ಇಡೀ ಪುಸ್ತಕ ಬರೆದ ಹೋರ್ನ್ಲೆ ಈ ಲೆಕ್ಕಗಳ ಹಿಂದೆ ನಿಜವಾದ ಅವಲೋಕನ ಇತ್ತೆಂದು ತೋರಿಸಿಕೊಟ್ಟರು. ವಯಸ್ಸೂ ಲೆಕ್ಕವನ್ನು ಬದಲಿಸುತ್ತದೆ. ಹುಟ್ಟಿದ ಕೂಸಿನಲ್ಲಿ ಸುಮಾರು 270 ಮೂಳೆಗಳಿರುತ್ತವೆ, ಬೆಳೆಯುತ್ತ ಹಲವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಯಾವ ವಯಸ್ಸಿನ ಎಷ್ಟು ದೇಹಗಳನ್ನು ನೋಡಿದ್ದೀರಿ ಎಂಬುದೇ ಇಲ್ಲಿ ಮುಖ್ಯ. ದೇಹಗಳು ಸಿಗದೆ ಹೋದಾಗ ಶಾಸ್ತ್ರ ಕಣ್ಣಿನಿಂದ ಬಾಯಿಗೆ ಬರುತ್ತದೆ, ಕಂಠಪಾಠವಾಗುತ್ತದೆ. ಕನ್ನಡದಲ್ಲೂ ವೈದ್ಯ ಗ್ರಂಥಗಳಿಗೆ ಕೊರತೆ ಇರಲಿಲ್ಲ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ ಬರೆದ, 14ನೇ ಶತಮಾನದಲ್ಲಿ ಮಂಗರಾಜ ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ ಬರೆದ. ಇವು ಮದ್ದು, ವಿಷ, ಚಿಕಿತ್ಸೆಗಳ ಸಂಪತ್ತು. ಹೊಸದಾಗಿ ದೇಹ ತೆರೆದು ನೋಡಿ ಹಳೆಯ ಲೆಕ್ಕವನ್ನು ತಿದ್ದುವ ಪರಂಪರೆ ಅಲ್ಲಿ ಮುಂದುವರಿಯಲಿಲ್ಲ. ಸವದತ್ತಿಯಲ್ಲಿ ರಟ್ಟರು ಆಳುತ್ತಿದ್ದ ಕಾಲದ ವೈದ್ಯನಾಗಲಿ, ಅವನ ಹತ್ತು ತಲೆಮಾರಿನ ನಂತರದ ವೈದ್ಯನಾಗಲಿ ದೇಹದ ಒಳಗನ್ನು ಹೆಚ್ಚಾಗಿ ಶ್ಲೋಕದಿಂದಲೇ ಕಲಿತ.

ಯುರೋಪು ಈ ವಿಷಯದಲ್ಲಿ ನಮಗಿಂತ ದೊಡ್ಡ ಮನಸ್ಸಿನದಾಗಿತ್ತು ಎಂದೇನೂ ತಿಳಿಯಬೇಕಿಲ್ಲ. ಇಂಗ್ಲೆಂಡಿನಲ್ಲಿ 1752ರ ಕಾನೂನು ಕೊಲೆಗಡುಕರ ಹೆಣವನ್ನು ಛೇದನಕ್ಕೆ ಒಪ್ಪಿಸಿತು. ಹಾಗಾಗಿ ಮೇಜಿನ ಮೇಲೆ ಮಲಗುವುದೆಂದರೆ ಶಿಕ್ಷೆ ಎಂಬ ಭಾವನೆ ಬೇರೂರಿತು. ಗಲ್ಲಿಗೇರಿದವರ ದೇಹ ಸಾಲದೆ ಬಂದಾಗ ಗೋರಿ ಅಗೆದು ಮಾರುವ ಕಳ್ಳರು ಹುಟ್ಟಿಕೊಂಡರು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬ ಇಬ್ಬರು ಅಂಗರಚನಾ ಶಾಲೆಗೆ ಮಾರುವುದಕ್ಕಾಗಿಯೇ ಜನರನ್ನು ಕೊಂದರು. ಆ ಗದ್ದಲದ ಮೇಲೆ ಬಂದ 1832ರ ಕಾನೂನು ಕೊಲೆಗಡುಕರನ್ನು ಬಿಟ್ಟು ಬಡವರನ್ನು ಹಿಡಿಯಿತು. ನಿರ್ಗತಿಕರ ಆಶ್ರಯಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತು ವಾರಸುದಾರರು ಬಾರದ ಹೆಣಗಳು ಶಾಲೆಗಳಿಗೆ ಹೋಗತೊಡಗಿದವು. ಅದೇ ವರ್ಷ ಜೂನಿನಲ್ಲಿ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ತನ್ನ ದೇಹವನ್ನು ಉಯಿಲು ಬರೆದು ಛೇದನಕ್ಕೆ ಕೊಟ್ಟ. ಒಪ್ಪಿಗೆಯ ದಾರಿಯೂ ಇದೆ ಎಂದು ಅವನು ತೋರಿಸಿದ. ಕಾನೂನು ಆ ದಾರಿ ಹಿಡಿಯಲಿಲ್ಲ. 1836ರಲ್ಲಿ ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತ ಹೆಣ ಛೇದಿಸಿದಾಗ ಅದು ಜಾತಿಯ ಕಟ್ಟು ಮುರಿದ ಗಳಿಗೆಯೆಂದು ಹೊಗಳಿಕೆ ಬಂತು. ಹೊಗಳಿಕೆ ಸಲ್ಲತಕ್ಕದ್ದೇ. ಅಲ್ಲಿಯೂ ನಾವು ನೆನೆಯುವುದು ಕೊಯ್ದ ಪಂಡಿತನ ಹೆಸರನ್ನು. ಮಲಗಿದ್ದವರ ಹೆಸರು ಯಾರ ಬಾಯಲ್ಲೂ ಇಲ್ಲ.

ಬೈಲಹೊಂಗಲ ಸೀಮೆ ಆಗ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಗೆ ಸೇರಿತ್ತು, ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನ. ಇಲ್ಲಿಯ ಹುಡುಗ ಇಂಗ್ಲಿಷ್ ವೈದ್ಯ ಕಲಿಯಬೇಕೆಂದರೆ 1845ರಲ್ಲಿ ಶುರುವಾದ ಮುಂಬೈಯ ಗ್ರಾಂಟ್ ಕಾಲೇಜಿಗೋ, 1878ರಲ್ಲಿ ಶುರುವಾದ ಪುಣೆಯ ಬಿ. ಜೆ. ವೈದ್ಯಕೀಯ ಶಾಲೆಗೋ ಹೋಗಬೇಕಿತ್ತು. ಊರ ಜನಕ್ಕೆ ಹೊಸ ವೈದ್ಯದ ಪರಿಚಯವಾದದ್ದು ಕಾಲೇಜಿನಿಂದಲ್ಲ, ಸರಕಾರದ ಕೈಯಿಂದ. ಮೊದಲನೆಯದು ದೇವಿ ಹಾಕುವುದು. ಸಿಡುಬಿಗೆ ಚುಚ್ಚುವ ಲಸಿಕೆಯನ್ನು ಕರುಗಳ ಮೈಮೇಲೆ ಬೆಳೆಸುತ್ತಿದ್ದ ಬೆಳಗಾವಿಯ ಸಂಸ್ಥೆಯ ನೆನಪು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಎಂಬ ಹೆಸರಿನಲ್ಲಿ ಈಗಲೂ ಉಳಿದಿದೆ. ಎರಡನೆಯದು ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ರೋಗ ಎರಡೇ ವರ್ಷದಲ್ಲಿ ಬೆಳಗಾವಿ, ಹುಬ್ಬಳ್ಳಿಗಳನ್ನು ಹೊಕ್ಕಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1897ರ ಸಾಂಕ್ರಾಮಿಕ ರೋಗ ಕಾಯ್ದೆಯ ಬಲದಿಂದ ಅಧಿಕಾರಿಗಳು ಮನೆ ಹೊಕ್ಕು ಹುಡುಕಿದರು. ಮುಂಬೈಯಂಥ ಊರುಗಳಲ್ಲಿ ಹೆಣವನ್ನೂ ಪರೀಕ್ಷಿಸಿದ ಮೇಲೇ ಮಣ್ಣಿಗೆ ಬಿಡುವ ಪದ್ಧತಿ ಬಂತು. ಅದೇ ಕಾಲದಲ್ಲಿ, 1898ರಲ್ಲಿ, ಹುಬ್ಬಳ್ಳಿಯಲ್ಲಿ ಡಾ. ಲಾಯ್ಮನ್ ಹಾಫ್ಕಿನ್ನನ ಪ್ಲೇಗು ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದರು, ಜನ ತಾವಾಗಿ ಮುಂದೆ ಬಂದು ಹಾಕಿಸಿಕೊಂಡರು. ಒಂದೇ ರೋಗ, ಒಂದೇ ಸರಕಾರ, ಒಂದೇ ಕಾಲ. ಬಲವಂತ ಮಾಡಿದಲ್ಲಿ ಜನ ಓಡಿದರು, ತಿಳಿಹೇಳಿದಲ್ಲಿ ತೋಳು ಚಾಚಿದರು. ನಮ್ಮ ಜನ ಹೊಸ ವೈದ್ಯಕ್ಕೆ ಹೆದರಿದರು ಎನ್ನುವ ಮಾತನ್ನು ಇದರ ಬೆಳಕಿನಲ್ಲಿ ತಿದ್ದಿಕೊಳ್ಳಬೇಕು. ಅವರ ಹೆದರಿಕೆ ಹೆಚ್ಚಾಗಿ ಕೇಳದೆ ಮೈಮುಟ್ಟುವ ಕೈಯ ಬಗ್ಗೆ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಈ ತಾಲ್ಲೂಕುಗಳು ಹತ್ತು ವರ್ಷದೊಳಗೆ ಎರಡು ಅಂಗರಚನಾ ಕಾನೂನು ಕಂಡವು. 1948ರಲ್ಲಿ ರಾಮದುರ್ಗ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. 1949ರಲ್ಲಿ ಮುಂಬೈ ಅಂಗರಚನಾ ಕಾಯ್ದೆ ಬಂತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಮರುವರ್ಷವೇ ಈಗ ಕರ್ನಾಟಕ ಅಂಗರಚನಾ ಕಾಯ್ದೆ ಎಂದು ಕರೆಯುವ 1957ರ ಕಾನೂನು ಬಂತು. ಅದೇ 1957ರಲ್ಲಿ ಹುಬ್ಬಳ್ಳಿಯಲ್ಲಿ ಕೆಎಂಸಿ, 1963ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜು ತೆರೆದವು. ಆಯುರ್ವೇದದ ಕಂಕಣವಾಡಿ ಕಾಲೇಜು 1933ರಿಂದಲೇ ಇತ್ತು. ಬೈಲಹೊಂಗಲ, ರಾಮದುರ್ಗದ ಮಕ್ಕಳಿಗೆ ವೈದ್ಯಕೀಯ ಓದು ಬಸ್ಸಿನ ದಾರಿಗೆ ಬಂತು. ಕಾಲೇಜು ಹೆಚ್ಚಿದಂತೆ ದೇಹಗಳ ಬೇಡಿಕೆಯೂ ಹೆಚ್ಚಿತು. ಕಾನೂನುಗಳ ಆಧಾರ ಮಾತ್ರ 1832ರ ಇಂಗ್ಲೆಂಡಿನದೇ ಆಗಿ ಉಳಿಯಿತು. ಆಸ್ಪತ್ರೆಯಲ್ಲೋ ಸಾರ್ವಜನಿಕ ಜಾಗದಲ್ಲೋ ಸತ್ತವರಿಗಾಗಿ ನಿಗದಿತ ಅವಧಿಯೊಳಗೆ ಹತ್ತಿರದ ಸಂಬಂಧಿಕರು ಬಾರದಿದ್ದರೆ ಆ ದೇಹವನ್ನು ಮಾನ್ಯತೆ ಪಡೆದ ಸಂಸ್ಥೆಗೆ ಕೊಡಬಹುದು. ಬಸ್‌ಸ್ಟ್ಯಾಂಡಿನಲ್ಲಿ ಸತ್ತ ಭಿಕ್ಷುಕ, ಊರು ಬಿಟ್ಟು ಕೂಲಿಗೆ ಬಂದು ದವಾಖಾನೆಯಲ್ಲಿ ಕಣ್ಣು ಮುಚ್ಚಿದ ಅಪರಿಚಿತ, ಮನೆಯವರು ಕೈಬಿಟ್ಟ ಮುದುಕಿ. ನಮ್ಮ ವೈದ್ಯರು ತಲೆಮಾರುಗಟ್ಟಲೆ ಹೃದಯ, ಮೆದುಳು, ಗರ್ಭಕೋಶಗಳನ್ನು ಕಲಿತದ್ದು ಇಂಥವರಿಂದ. ಬದುಕಿದ್ದಾಗ ಒಳ್ಳೆಯ ಚಿಕಿತ್ಸೆ ಸಿಗದವರೇ ಸತ್ತ ಮೇಲೆ ಚಿಕಿತ್ಸೆ ಕಲಿಸುವ ಗುರುಗಳಾದರು. ಕಾನೂನು ಅವರನ್ನು ‘ಹಕ್ಕುದಾರರಿಲ್ಲದ ದೇಹ’ ಎಂದು ಕರೆಯಿತು. ಆ ದೇಹದ ಮೇಲೆ ಬೇರೆ ಯಾರ ಹಕ್ಕೂ ಇಲ್ಲದಿದ್ದರೂ ಅದರೊಳಗೆ ಬಾಳಿದ ಮನುಷ್ಯನ ಹಕ್ಕೊಂದಿತ್ತಲ್ಲ ಎಂಬುದು ಕಾನೂನಿನ ಲೆಕ್ಕಕ್ಕೆ ಬರಲಿಲ್ಲ.

ಅಂಥ ಒಂದು ದೇಹದಿಂದ ವಿದ್ಯಾರ್ಥಿ ಏನು ಕಲಿಯುತ್ತಾನೆ ಎಂಬುದನ್ನು ಮುಂಗೈಯಲ್ಲೇ ನೋಡಬಹುದು. ಹೆಬ್ಬೆರಳು ಕಿರುಬೆರಳುಗಳ ತುದಿ ಕೂಡಿಸಿ ಮಣಿಕಟ್ಟನ್ನು ಸ್ವಲ್ಪ ಮಡಚಿದರೆ ನಡುವೆ ಒಂದು ಹುರಿ ಎದ್ದು ಕಾಣುತ್ತದೆ. ಊರ ಮಾತಿನಲ್ಲಿ ಅದನ್ನು ನರ ಎನ್ನುತ್ತೇವೆ. ತೋಳಿನ ಮೇಲೆ ನೀಲಿಯಾಗಿ ಉಬ್ಬುವುದೂ ನರ, ಸೆಳೆತ ಬಂದರೆ ನರ ಹಿಡಿಯಿತು, ಸೂಜಿ ಹಾಕುವಾಗ ನರ ಸಿಗಲಿಲ್ಲ. ಒಂದೇ ಮಾತಿನೊಳಗೆ ಮೂರು ಬೇರೆ ವಸ್ತುಗಳಿವೆ. ಮಣಿಕಟ್ಟಿನ ಆ ಹುರಿ ಸ್ನಾಯುವನ್ನು ಮೂಳೆಗೋ ಅಂಗೈಯ ಪೊರೆಗೋ ಕಟ್ಟುವ ಸ್ನಾಯುರಜ್ಜು. ನೀಲಿ ಗೆರೆ ರಕ್ತವನ್ನು ಹೃದಯದ ಕಡೆ ಒಯ್ಯುವ ಅಭಿಧಮನಿ. ಬೆರಳಿಗೆ ಸ್ಪರ್ಶ ಕೊಡುವ, ಹೆಬ್ಬೆರಳನ್ನು ಆಡಿಸುವ ನಿಜವಾದ ನರ ಆ ಹುರಿಯ ಅಡಿಯಲ್ಲೇ, ಕೂದಲೆಳೆಯ ಅಂತರದಲ್ಲಿ ಹಾದುಹೋಗುತ್ತದೆ. ಪುಸ್ತಕದ ಚಿತ್ರದಲ್ಲಿ ಒಂದು ಬಿಳಿ, ಒಂದು ನೀಲಿ, ಒಂದು ಹಳದಿ. ಚರ್ಮ ಬಿಡಿಸಿದಾಗ ರಜ್ಜುವೂ ನರವೂ ಎರಡೂ ಬಿಳಿಚು, ಒಂದರ ಹೊಳಪು ಸ್ವಲ್ಪ ಹೆಚ್ಚು, ಇನ್ನೊಂದು ಸ್ವಲ್ಪ ಮೆತ್ತಗೆ. ಗಾಜು ತಗುಲಿ ಕೈ ಕೊಯ್ದುಕೊಂಡು ಬಂದವನಿಗೆ ಹೊಲಿಗೆ ಹಾಕುವ ವೈದ್ಯ ಇವೆರಡನ್ನು ಅದಲು ಬದಲು ಮಾಡಿದರೆ ಆ ಕೈ ಮತ್ತೆ ಹಿಡಿತಕ್ಕೆ ಬರುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕಿದೆ. ನೂರರಲ್ಲಿ ಸುಮಾರು ಹದಿನೈದು ಜನಕ್ಕೆ ಆ ಮಣಿಕಟ್ಟಿನ ಹುರಿಯೇ ಇರುವುದಿಲ್ಲ, ಈ ಪ್ರಮಾಣ ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತದೆ. ರಕ್ತನಾಳಗಳು ಕವಲೊಡೆಯುವ ರೀತಿಯಲ್ಲೂ ಇದೇ ಕಥೆ. ಒಂದು ದೇಹ ಇನ್ನೊಂದರಂತಿಲ್ಲ ಎಂಬ ಪಾಠವನ್ನು ದೇಹಗಳೇ ಕಲಿಸಬೇಕು. ಪದಗಳ ಪಟ್ಟಿಯನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು. ಆ ಪದ ಯಾವ ವಸ್ತುವಿಗೆ ಸಲ್ಲುತ್ತದೆ ಎಂಬ ಖಾತ್ರಿ ಬೆರಳಿಗೆ ಬರಬೇಕು.

ಈ ಹಿನ್ನೆಲೆಯಲ್ಲಿ 2008ರ ಸಂಗತಿಗೆ ಮರಳಬೇಕು. ಸಾವಿನ ನಂತರ ಕೆಲವೇ ತಾಸುಗಳಲ್ಲಿ ದೇಹ ಕಾಲೇಜಿಗೆ ಸೇರಬೇಕು. ಕುತ್ತಿಗೆಯ ಅಥವಾ ತೊಡೆಯ ಸಂದಿನ ದೊಡ್ಡ ಅಪಧಮನಿಯನ್ನು ತೆರೆದು ಅದರ ಮೂಲಕ ಫಾರ್ಮಾಲಿನ್, ಗ್ಲಿಸರಿನ್, ಸ್ಪಿರಿಟ್ ಮುಂತಾದವುಗಳ ಮಿಶ್ರಣವನ್ನು ಒಳಗೆ ಹರಿಸುತ್ತಾರೆ. ಜೀವ ಇದ್ದಾಗ ರಕ್ತ ಹೋಗುತ್ತಿದ್ದ ದಾರಿಯಲ್ಲೇ ಅದು ಮೂಲೆಮೂಲೆಗೂ ಹೋಗಿ ಮಾಂಸದ ಪ್ರೋಟೀನನ್ನು ಗಟ್ಟಿ ಮಾಡಿ ಕೊಳೆಯುವುದನ್ನು ತಡೆಯುತ್ತದೆ. ಫಾರ್ಮಾಲಿನ್ನಿನ ಈ ಗುಣ 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್‌ನಿಂದ ಬೆಳಕಿಗೆ ಬಂತು. ಸುಶ್ರುತನ ಶಿಷ್ಯರಿಗೆ ಏಳು ರಾತ್ರಿಯಲ್ಲಿ ಮುಗಿಸಬೇಕಿದ್ದ ಪಾಠ ಈಗ ವರ್ಷಗಟ್ಟಲೆ ನಡೆಯಬಲ್ಲದಾದದ್ದು ಇದರಿಂದ. ಡಾ. ಬಿ. ಎಸ್. ರಾಮಣ್ಣವರ ಅವರ ದೇಹ ಎರಡು ವರ್ಷ ಉಳಿದದ್ದೂ ಹೀಗೆಯೇ. ಅದು ನಡೆದದ್ದು ಆಯುರ್ವೇದದ ಕಾಲೇಜಿನಲ್ಲಿ ಎಂಬುದನ್ನು ಗಮನಿಸಬೇಕು. ಆಯುರ್ವೇದದವರು ಹಳೆಯ ಗ್ರಂಥಕ್ಕೆ ಅಂಟಿಕೊಂಡವರು, ಅವರಿಗೆ ಹೆಣದ ಪಾಠ ಬೇಕಿಲ್ಲ ಎಂಬ ಮಾತಿಗೆ ಇದು ಉತ್ತರ. ಮರೆಯಲ್ಲಿ ನಡೆಯಲಿ ಎಂದು ಸಂಹಿತೆ ಹೇಳಿದ ಕೆಲಸವನ್ನು ಅದೇ ಸಂಹಿತೆಯನ್ನು ಓದಿಸುವ ಅಧ್ಯಾಪಕರು ಎಲ್ಲರ ಎದುರಿಗೆ ಮಾಡಿದರು. ಮುಚ್ಚಿಡುವ ಅಗತ್ಯ ಏಕೆ ಬೀಳಲಿಲ್ಲವೆಂದರೆ ಮಲಗಿದ್ದವರು ಒಪ್ಪಿ ಬಂದಿದ್ದರು. ಅವರಿಗೆ ಹೆಸರಿತ್ತು, ಊರಿತ್ತು, ಮಕ್ಕಳಿದ್ದರು, ಮಣ್ಣು ಕೊಡಲು ಜನರಿದ್ದರು. ಕಾನೂನು ಯಾರನ್ನು ಮುಟ್ಟಲಾರದೋ ಅಂಥವರೊಬ್ಬರು ತಾವಾಗಿ ಮೇಜಿಗೆ ಬಂದಾಗ ಆ ಮೇಜು ಶಿಕ್ಷೆಯ ಜಾಗವಾಗಲಿ, ಅನಾಥರ ಜಾಗವಾಗಲಿ ಆಗಿ ಉಳಿಯಲಿಲ್ಲ. ಬೈಲಹೊಂಗಲದಲ್ಲಿ ರಾಮಣ್ಣವರ ಹೆಸರಿನ ಚಾರಿಟೇಬಲ್ ಟ್ರಸ್ಟ್ ಆಮೇಲೆ ದೇಹದಾನದ ಪ್ರಚಾರವನ್ನೇ ತನ್ನ ಕೆಲಸ ಮಾಡಿಕೊಂಡಿತು.

ಈ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಇದೆಲ್ಲ ಪ್ರದರ್ಶನ, ತಂದೆಯ ದೇಹವನ್ನು ಮಗ ಕೊಯ್ಯುವುದು ಅಸಹಜ ಎಂಬುದು. ಮಗನೇ ಕೊಯ್ಯಬೇಕೆಂಬ ನಿಯಮವನ್ನು ಯಾರೂ ಮಾಡಬಾರದು, ಹಾಗೆ ಮಾಡಿದರೆ ಅದು ಇನ್ನೊಂದು ಬಗೆಯ ಬಲವಂತವಾಗುತ್ತದೆ. ಆ ಮಟ್ಟಿಗೆ ಆಕ್ಷೇಪ ಸರಿ. ಆದರೆ ಅಪರಿಚಿತನ ದೇಹವನ್ನು ಕೊಯ್ಯುವಾಗ ಯಾರಿಗೂ ಅಸಹಜ ಅನ್ನಿಸದೆ, ತಂದೆಯದಾದಾಗ ಮಾತ್ರ ಎದೆ ಝಲ್ಲೆನ್ನುವುದೇಕೆ? ಅಪರಿಚಿತನೂ ಯಾರಿಗೋ ತಂದೆಯಾಗಿದ್ದ. ನಮ್ಮನ್ನು ಬೆಚ್ಚಿಬೀಳಿಸಿದ್ದು ಛೇದನವಲ್ಲ, ಛೇದನಗೊಂಡವರ ಗುರುತು ಸಿಕ್ಕದ್ದು. ಆ ಬೆಚ್ಚುವಿಕೆ ಒಳ್ಳೆಯದೇ. ಭಾರತೀಯ ವೈದ್ಯಕೀಯ ಶಿಕ್ಷಣದ 2019ರ ಹೊಸ ಪಠ್ಯಕ್ರಮದಲ್ಲಿ ಮೃತದೇಹವೇ ನಮ್ಮ ಮೊದಲ ಗುರು ಎಂಬ ಪಾಠವನ್ನು ವಿಧಿವತ್ತಾಗಿ ಸೇರಿಸಿದ್ದಾರೆ. ವಿದ್ಯಾರ್ಥಿಗಳು ಪ್ರತಿಜ್ಞೆ ಮಾಡಿ ಛೇದನ ಶುರು ಮಾಡುವ ಪದ್ಧತಿಯೂ ಕಾಲೇಜುಗಳಲ್ಲಿ ಬರುತ್ತಿದೆ. ಬೈಲಹೊಂಗಲದವರು ಒಂದು ದಶಕ ಮುಂಚೆಯೇ ಇದರ ಅರ್ಥವನ್ನು ಕಾಣಿಸಿದ್ದರು.

ಎರಡನೆಯ ಆಕ್ಷೇಪ ಧರ್ಮದ್ದು, ಹೆಚ್ಚು ತೂಕದ್ದು. ಈ ಸೀಮೆಯಲ್ಲಿ ಲಿಂಗಾಯತರ ಸಂಖ್ಯೆ ದೊಡ್ಡದು. ಅವರಲ್ಲಿ ಲಿಂಗೈಕ್ಯರಾದವರನ್ನು ಸುಡುವುದಿಲ್ಲ. ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕೈಯಲ್ಲಿಟ್ಟು, ಕೂಡಿಸಿ ಮಣ್ಣು ಕೊಡುತ್ತಾರೆ. ಸಮಾಧಿಯ ಬೆಲೆ ಏನೆಂದು ಬೈಲಹೊಂಗಲದವರಿಗೆ ಹೇಳಿಕೊಡಬೇಕಿಲ್ಲ. 1824ರಲ್ಲಿ ಕಂಪನಿಯ ವಿರುದ್ಧ ನಿಂತ ಕಿತ್ತೂರು ರಾಣಿ ಚೆನ್ನಮ್ಮ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು ಅಲ್ಲಿಯ ಕೋಟೆಯಲ್ಲೇ, ಅವಳ ಸಮಾಧಿ ಇರುವುದೂ ಆ ಊರಲ್ಲೇ. ಸೆರೆಯಾಳಾಗಿದ್ದ ರಾಣಿಗೂ ತನ್ನ ನೆಲದ ಮಣ್ಣು ಸಿಕ್ಕಿತು. ಹಾಗಿದ್ದ ಮೇಲೆ ದೇಹವನ್ನು ಕಾಲೇಜಿಗೆ ಕೊಟ್ಟವರಿಗೆ ಸಂಸ್ಕಾರ ತಪ್ಪುವುದಿಲ್ಲವೇ? ಇದಕ್ಕೆ ಉತ್ತರ ಹೊರಗಿನಿಂದ ತರಬೇಕಿಲ್ಲ. ಶರಣರು ಅಲ್ಲಗಳೆದ ಐದು ಸೂತಕಗಳಲ್ಲಿ ಜನನ, ಜಾತಿ, ರಜಸ್ಸು, ಎಂಜಲಿನ ಜೊತೆಗೆ ಮರಣ ಸೂತಕವೂ ಇದೆ. ಕಲ್ಕತ್ತದಲ್ಲಿ 1836ರಲ್ಲಿ ಯಾವ ಮೈಲಿಗೆಯನ್ನು ದಾಟಬೇಕಾಯಿತೋ ಅದನ್ನು ಇಲ್ಲಿಯ ಧರ್ಮವೇ ಏಳು ಶತಮಾನ ಹಿಂದೆ ಒಪ್ಪದೆ ಹೋಗಿತ್ತು. ಅಂದ ಮೇಲೆ ಉಳಿಯುವುದು ಮಣ್ಣಿನ ಪ್ರಶ್ನೆ. ಪಾಠ ಮುಗಿದ ಬಳಿಕ ಅವಶೇಷಗಳನ್ನು ಗೌರವದಿಂದ ಮಣ್ಣು ಮಾಡುವ ಅಥವಾ ದಹಿಸುವ ಕ್ರಮವಿದೆ. ಸಂಸ್ಕಾರ ತಡವಾಗುತ್ತದೆ, ಅದರ ರೂಪ ಬದಲಾಗುತ್ತದೆ. ತಡವಾಗುವುದನ್ನು ಸಹಿಸಲಾರದ ಕುಟುಂಬಗಳಿವೆ, ಅವರನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಒಪ್ಪಿಗೆಯ ಬಗ್ಗೆ ಮಾತಾಡುವವರು ಒಪ್ಪದಿರುವ ಹಕ್ಕನ್ನೂ ಒಪ್ಪಿಕೊಳ್ಳಬೇಕು.

ಮೂರನೆಯ ಆಕ್ಷೇಪ ಹೊಸ ಕಾಲದ್ದು. ಈಗ ಕಂಪ್ಯೂಟರ್ ಪರದೆಯ ಮೇಲೆ ಮೂರು ಆಯಾಮದ ದೇಹವನ್ನು ಪದರಪದರವಾಗಿ ಬಿಡಿಸಿ ನೋಡಬಹುದು, 1970ರ ದಶಕದಲ್ಲಿ ಜರ್ಮನಿಯ ಗುಂಥರ್ ಫಾನ್ ಹಾಗೆನ್ಸ್ ರೂಪಿಸಿದ ವಿಧಾನದಿಂದ ದೇಹವನ್ನು ಪ್ಲಾಸ್ಟಿಕ್ಕಿನಂತೆ ಗಟ್ಟಿ ಮಾಡಿ ಕಪಾಟಿನಲ್ಲಿಡಬಹುದು, ಇನ್ನು ಹೆಣ ಏಕೆ ಎಂದು ಕೇಳುತ್ತಾರೆ. ಈ ಸಾಧನಗಳಿಂದ ಲಾಭವಿದೆ. ಮೆದುಳಿನ ಒಳಗಿನ ದಾರಿಗಳನ್ನು ಪರದೆ ಚೆನ್ನಾಗಿ ತೋರಿಸುತ್ತದೆ. ಆದರೆ ಪರದೆಯ ದೇಹ ಯಾವಾಗಲೂ ಒಂದೇ ದೇಹ. ಮಣಿಕಟ್ಟಿನ ಹುರಿ ಇಲ್ಲದ ಹದಿನೈದು ಜನರನ್ನು ಅದು ತೋರಿಸುವುದು ಯಾರೋ ಮೊದಲೇ ಅವರನ್ನು ಕಂಡು ಅದರೊಳಗೆ ಸೇರಿಸಿದ್ದರೆ ಮಾತ್ರ. ಪ್ಲಾಸ್ಟಿಕ್ಕಾದ ದೇಹವೂ ಒಬ್ಬ ಮನುಷ್ಯನದೇ, ಅದಕ್ಕೂ ಒಪ್ಪಿಗೆಯ ಪ್ರಶ್ನೆ ತಪ್ಪುವುದಿಲ್ಲ. ಪರದೆಯೊಂದೇ ಸಾಕೆನ್ನುವವರಿಗೆ ಆಯುರ್ವೇದದ ಚರಿತ್ರೆಯಲ್ಲೇ ಒಂದು ಎಚ್ಚರಿಕೆ ಇದೆ. ಮಣಿಕಟ್ಟಿನ ನಾಡಿ ಹಿಡಿದು ರೋಗ ಹೇಳುವುದನ್ನು ನಾವು ಅನಾದಿಯೆಂದು ತಿಳಿದಿದ್ದೇವೆ. ಅದು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಚರಕ ಸುಶ್ರುತರಲ್ಲಲ್ಲ, ಅವರಿಗಿಂತ ಎಷ್ಟೋ ಕಾಲದ ನಂತರದ ಶಾರ್ಙ್ಗಧರ ಸಂಹಿತೆಯಲ್ಲಿ. ಗ್ರಂಥಗಳೂ ದೇಹವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಯೇ ಬೆಳೆದವು.

ಕಡೆಯ ಆಕ್ಷೇಪ ಎಲ್ಲಕ್ಕಿಂತ ಕಠಿಣ. ಓದಿದವರು, ಹೆಸರಿದ್ದವರು ನಾಲ್ಕು ಜನ ದೇಹ ಕೊಟ್ಟರೂ ವಾರಸುದಾರರಿಲ್ಲದವರ ದೇಹ ಮೇಜಿಗೆ ಹೋಗುವುದು ನಿಲ್ಲುವುದಿಲ್ಲವಲ್ಲ, ಹಾಗಾದರೆ ಬದಲಾದದ್ದೇನು? ಇದನ್ನು ಅಲ್ಲಗಳೆಯಲಾಗದು. ಕಾನೂನಿನ ಬೇರು ಇನ್ನೂ ಅನಾಥರ ಮೇಲೇ ನಿಂತಿದೆ. 2010ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮಾಜಿ ಮುಖ್ಯಮಂತ್ರಿ ಜ್ಯೋತಿ ಬಸು ಅವರ ದೇಹ ಕೋಲ್ಕತ್ತದ ಆಸ್ಪತ್ರೆಗೆ ಹೋದಾಗಲೂ, ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿಯ ಪಾಠ ನಡೆದಾಗಲೂ ಆ ಬೇರು ಅಲುಗಲಿಲ್ಲ. ಆದರೆ ಅದನ್ನು ಕೀಳುವ ದಾರಿ ಒಂದೇ. ಒಪ್ಪಿ ಕೊಡುವವರ ಸಂಖ್ಯೆ ಕಾಲೇಜುಗಳಿಗೆ ಸಾಲುವಷ್ಟಾದ ದಿನ ಅನಾಥರ ದೇಹವನ್ನು ಕೇಳದೆ ಒಯ್ಯಲು ಸರಕಾರಕ್ಕೆ ಯಾವ ನೆಪವೂ ಉಳಿಯುವುದಿಲ್ಲ, ಅವರಿಗೂ ರಾಣಿಗೆ ಸಿಕ್ಕಂತೆ ಮಣ್ಣು ಸಿಗುತ್ತದೆ. ಆ ಅರ್ಥದಲ್ಲಿ ಉಳ್ಳವರ ದೇಹದಾನ ವಿದ್ಯಾರ್ಥಿಗಳಿಗೆ ಮಾಡುವ ಉಪಕಾರಕ್ಕಿಂತ ಹೆಚ್ಚಾಗಿ ಇಲ್ಲದವರಿಗೆ ತೀರಿಸುವ ಹಳೆಯ ಸಾಲ.

ಸಾಲ ತೀರಿಸಲು ಮನಸ್ಸು ಮಾಡುವವರಿಗೆ ಕೆಲವು ವ್ಯವಹಾರದ ಮಾತು. ಅಂಗದಾನ ಬೇರೆ, ದೇಹದಾನ ಬೇರೆ. ಅಂಗದಾನಕ್ಕೆ 1994ರ ಅಂಗಾಂಗ ಕಸಿ ಕಾಯ್ದೆ ಇದೆ, ದೇಹದಾನ ಅಂಗರಚನಾ ಕಾಯ್ದೆಯಡಿ ಬರುತ್ತದೆ. ಕಣ್ಣು ಕೊಟ್ಟ ಮೇಲೂ ಸಾಮಾನ್ಯವಾಗಿ ದೇಹ ಕೊಡಬಹುದು. ಮರಣೋತ್ತರ ಪರೀಕ್ಷೆಯಾದ ದೇಹವನ್ನು, ಕೆಲವು ಸೋಂಕುಗಳಿದ್ದವರ ದೇಹವನ್ನು ಕಾಲೇಜುಗಳು ತೆಗೆದುಕೊಳ್ಳುವುದಿಲ್ಲ. ಹತ್ತಿರದ ವೈದ್ಯಕೀಯ ಅಥವಾ ಆಯುರ್ವೇದ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅರ್ಜಿ ಸಿಗುತ್ತದೆ, ಸಾಕ್ಷಿಗಳ ಸಹಿ ಬೇಕು, ಮನಸ್ಸು ಬದಲಾದರೆ ಬದುಕಿರುವಾಗ ಎಂದು ಬೇಕಾದರೂ ಹಿಂತೆಗೆದುಕೊಳ್ಳಬಹುದು. ಆದರೆ ಸಹಿ ಮಾಡಿ ಕಪಾಟಿನಲ್ಲಿಟ್ಟರೆ ಸಾಲದು. ಸತ್ತ ದಿನ ಫೋನು ಮಾಡಬೇಕಾದವರು ಮನೆಯವರು, ಅವರು ಒಲ್ಲೆ ಎಂದರೆ ಯಾವ ಕಾಲೇಜೂ ಜಗಳವಾಡಿ ಒಯ್ಯುವುದಿಲ್ಲ. ಬೈಲಹೊಂಗಲದ ಹಿರಿಯ ವೈದ್ಯರ ಇಚ್ಛೆ ನಡೆದದ್ದು ಅವರು ಮಗನಿಗೆ ಬದುಕಿದ್ದಾಗಲೇ ಬಾಯಿಬಿಟ್ಟು ಹೇಳಿದ್ದರಿಂದ. ಕೊಡಬೇಕೆಂದಿರುವವರು ಇವತ್ತೇ ಮನೆಯಲ್ಲಿ ಹೇಳಲಿ. ಕೊಡಲು ಮನಸ್ಸಿಲ್ಲದವರೂ ಹೇಳಲಿ, ಅದೂ ಅವರ ಹಕ್ಕೇ.